ಮೋಹನ್ ಕುಮಾರ್ ಎಂಬುವರು

ಮೋಹನ್ ಕುಮಾರ್ ಎಂಬ ಹೆಸರಿನಲ್ಲಿ ಮಗಳನ್ನು ಬೈಯಲು ಶುರುಮಾಡಿದ ಮೇಲೆ ಕಾಂತರಾಜುವಿಗೆ ಬೆಳಗಿನ ಕಾಫಿ ಮತ್ತೆ ರುಚಿಸತೊಡಗಿತ್ತು. ಇದನ್ನು ಅವನ ಮನಸ್ಸು ಒಪ್ಪಿಕೊಂಡಿರಲಿಲ್ಲ, ನಾಲಗೆ ಒಪ್ಪಿಕೊಂಡಿತ್ತು. ಆ ಭಾನುವಾರವೂ ಕುರುಬರಹಳ್ಳಿಯ ಮನೆಯ ತಾರಸಿಯಲ್ಲಿ, ಒಣಗಹಾಕಿದ ಪಂಚೆಯ ಮರೆಗೆ ನಿಂತು, ಲೋಟವನ್ನು ಕಟ್ಟೆಯ ಮೇಲಿಟ್ಟು ಫೋನು ತೆಗೆದ. ಹಿಂದಿನ ದಿನ ತಾನು ಬರೆದಿದ್ದ ಸಾಲಿನ ಕೆಳಗೆ ಮಗಳು ಅನು ಉತ್ತರ ಕೊಟ್ಟಿದ್ದಳು. 'ಸಾರ್, ನಿಮಗೆ ನಮ್ಮ ಮನೆ ವಿಷಯ ಗೊತ್ತಿಲ್ಲ. ಅಪ್ಪ ಹೂಂ ಅಂದಮೇಲೇ ವಿಡಿಯೋ ಹಾಕಿದ್ದು. ದಯವಿಟ್ಟು ಹೀಗೆಲ್ಲ ಬರೀಬೇಡಿ.' ಕೊನೆಯಲ್ಲಿ ಕೈಮುಗಿದ ಚಿತ್ರ. ಸಾವಿರಾರು ಜನ ಹೊಗಳಿದ್ದರು, ಹೃದಯದ ಗುರುತು ಒತ್ತಿದ್ದರು. ಅವರಿಗೆಲ್ಲ ಒಂದು ನಗು ಎಸೆದು ಸುಮ್ಮನಾದವಳು ಈ ಒಬ್ಬನಿಗೆ ಮಾತ್ರ ಇಷ್ಟುದ್ದ ಬರೆದಿದ್ದಳು. ಅದನ್ನು ಓದುವಾಗ ಅವನ ಎದೆಯಲ್ಲಿ ಹುಳಿ ಹುಳಿಯಾದ ಒಂದು ಸುಖ ಏಳುತ್ತಿತ್ತು. ಕೆಳಗಿನಿಂದ ಅದೇ ಅನು ಕೂಗಿದಳು. ಮೊದಲ ಸಲ ಕೂಗಿದ್ದು ಅವನಿಗೆ ಕೇಳಿಸಿರಲಿಲ್ಲವೆಂದು ಎರಡನೆಯ ಕೂಗಿನ ಜೋರಿನಿಂದ ತಿಳಿಯಿತು.

"ಅಪ್ಪ, ಎಷ್ಟೊತ್ತು ಮೇಲೆ? ಅತ್ತೆ ಆಗ್ಲೇ ಫೋನ್ ಮಾಡಿದ್ರು. ಅಮ್ಮ ನಿನ್ನೇನೇ ಹೋಗಿ ಕೂತಿದಾಳೆ, ನಾವೇ ಲೇಟು."

"ಬಂದೆ."

ಉಲ್ಲಾಳದಲ್ಲಿ ಅವನ ಅಕ್ಕ ಮುನಿಲಕ್ಷ್ಮಮ್ಮನ ಹೊಸ ಮನೆಯ ಗೃಹಪ್ರವೇಶ. ಹೋಗಲೇಬೇಕು, ಹೋದರೆ ಎಲ್ಲರೂ ಇರುತ್ತಾರೆ, ಎಲ್ಲರೂ ಆ ವಿಡಿಯೋ ನೋಡಿರುತ್ತಾರೆ. ತಾರಸಿಯ ಮೂಲೆಯ ಶೀಟಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಬ್ಬಿಣದ ತೊಲೆಗೆ ನೇತುಬಿದ್ದ ಹಳೆಯ ಸೀಲಿಂಗ್ ಫ್ಯಾನುಗಳು, ಬಾವಲಿಗಳ ಹಾಗೆ. ಮೂರು ರೆಕ್ಕೆಯವು, ನಾಲ್ಕು ರೆಕ್ಕೆಯವು, ಮರದ ರೆಕ್ಕೆಯದೊಂದು, ಯಾವುದೋ ಕಾಲದ ಆಸ್ಪತ್ರೆಯಿಂದ ಗುಜರಿಗೆ ಬಂದದ್ದೊಂದು. ಬೇರೆಯವರ ಮನೆಗಳಲ್ಲಿ ಅವನ ವಯಸ್ಸಿನವರು ಭಜನೆಗೆ ಹೋಗುತ್ತಿದ್ದರು, ಇಸ್ಪೀಟು ಆಡುತ್ತಿದ್ದರು, ಕುಡಿಯುತ್ತಿದ್ದರು. ರಾಜಾಜಿನಗರದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ದಿನವಿಡೀ ಪ್ರೆಸ್ ಯಂತ್ರಗಳ ಹೊಡೆತದ ಪಕ್ಕ ಕೂತು ಬರುವ ಕಾಂತರಾಜು ಈ ಕೋಣೆಗೆ ಬಂದು ಒಂದು ಫ್ಯಾನು ಹಾಕಿ, ಅದರ ಕೆಳಗೆ ಚಾಪೆಯ ಮೇಲೆ ಮಲಗಿ, ಸದ್ದು ಕೇಳುತ್ತಿದ್ದ. ಅಷ್ಟೇ. ಹೆಂಡತಿ ಮೊದಮೊದಲು ಅತ್ತಳು, ಆಮೇಲೆ ನೆಂಟರಿಗೆ 'ಅವರಿಗೆ ರಿಪೇರಿ ಹುಚ್ಚು' ಎಂದು ಸುಳ್ಳು ಹೇಳುವುದನ್ನು ಕಲಿತಳು. ರಿಪೇರಿ ಎಂದರೆ ಜನಕ್ಕೆ ಅರ್ಥವಾಗುತ್ತದೆ. ಸದ್ದು ಎಂದರೆ ಆಗುವುದಿಲ್ಲ.

ಒಬ್ಬನಿಗೆ ಅರ್ಥವಾಗಿತ್ತು. ಅವನ ಮುಖವನ್ನು ಕಾಂತರಾಜು ನೋಡಿರಲಿಲ್ಲ. ಮದುವೆಗೆ ಮುಂಚೆ, ನವರಂಗ್ ಟಾಕೀಸಿನ ಹತ್ತಿರದ ಬ್ರೌಸಿಂಗ್ ಸೆಂಟರಿನ ಪ್ಲೈವುಡ್ ಗೂಡಿನಲ್ಲಿ, ಅಕ್ಷರ ಅಳಿಸಿಹೋದ ಕೀಬೋರ್ಡಿನ ಮುಂದೆ, ಬೆವರು ಮತ್ತು ಅಗರಬತ್ತಿಯ ವಾಸನೆಯ ನಡುವೆ ಕೂತು ಕಾಂತರಾಜು ಸುಮ್ಮನೆ 'ಸೀಲಿಂಗ್ ಫ್ಯಾನ್' ಎಂದು ಹೊಡೆದಿದ್ದ. ಎಷ್ಟೋ ಹೊತ್ತಿನ ಮೇಲೆ ಒಂದು ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಇಳಿಯತೊಡಗಿತು. ಮೊದಲು ಚಾವಣಿ, ಆಮೇಲೆ ಕೊಕ್ಕೆ ಮುಚ್ಚುವ ಬಟ್ಟಲು, ಆಮೇಲೆ ರಾಡು, ಮೋಟರು, ಕಟ್ಟಕಡೆಗೆ ರೆಕ್ಕೆ. ಫ್ಯಾನನ್ನು ಹೇಗೆ ನೇತುಹಾಕುತ್ತಾರೋ ಅದೇ ಕ್ರಮದಲ್ಲಿ. ಅದೊಂದು ಫೋರಮ್ಮು, ದೇಶ ದೇಶದ ಫ್ಯಾನಿನ ಹುಚ್ಚರು ಸೇರುವ ಜಾಗ. ಅಲ್ಲಿ ಅವನು ತನ್ನ ಹರುಕು ಇಂಗ್ಲಿಷಿನಲ್ಲಿ 'ನನಗೆ ಫ್ಯಾನಿನ ಸದ್ದು ಇಷ್ಟ' ಎಂದು ಬರೆದು, ಬರೆದದ್ದಕ್ಕೆ ನಾಚಿ, ದಿನಗಟ್ಟಲೆ ಆ ಕಡೆ ಹೋಗಲಿಲ್ಲ. ಹೋದಾಗ ಉತ್ತರವಿತ್ತು. ಫ್ಯಾನೇ ಬೇಕಿಲ್ಲದ ಯಾವುದೋ ಥಂಡಿ ದೇಶದ, ಓಲ್ಡ್‌ಬ್ಲೇಡ್ ಎಂದು ಹೆಸರಿಟ್ಟುಕೊಂಡವನು ಕೇಳಿದ್ದ: ಯಾವ ಸದ್ದು, ಹೊರಡುವಾಗಿನದೋ, ನಿಲ್ಲುವಾಗಿನದೋ? ಕಾಂತರಾಜುವಿಗೆ ಗೂಡಿನೊಳಗೇ ಅಳು ಬಂದಿತ್ತು. ಪಕ್ಕದ ಗೂಡಿನವನು ಹಲಗೆಯ ಮೇಲಿಂದ ಇಣುಕಿ, ಇವನು ನೋಡಬಾರದ್ದೇನೋ ನೋಡುತ್ತಿದ್ದಾನೆಂಬ ಆಸೆಯಿಂದ ಪರದೆಯತ್ತ ಕಣ್ಣು ಹಾಯಿಸಿ, ಫ್ಯಾನು ಕಂಡು ನಿರಾಸೆಯಿಂದ ಕೂತುಕೊಂಡ. ಇಂಥ ಪ್ರಶ್ನೆಯನ್ನು ಅಷ್ಟು ವರ್ಷಗಳಲ್ಲಿ ಅಪ್ಪ ಕೇಳಿರಲಿಲ್ಲ, ಮೇಷ್ಟ್ರು ಕೇಳಿರಲಿಲ್ಲ, ಆಮೇಲೆ ಬಂದ ಹೆಂಡತಿಯೂ ಕೇಳಲಿಲ್ಲ. ನಿಲ್ಲುವಾಗಿನದು ಎಂದು ಬರೆದ. ಸ್ವಿಚ್ಚು ಆರಿಸಿದ ಮೇಲೆ ಗಾಳಿಯ ಸದ್ದು ಹೋಗಿ ಬರೀ ಬೇರಿಂಗಿನ ಸದ್ದು ಉಳಿಯುತ್ತದಲ್ಲ, ಅದು. ಅಲ್ಲಿ ಅವನಿಗೆ ಹೊಟ್ಟೆಯಿರಲಿಲ್ಲ, ಬಣ್ಣವಿರಲಿಲ್ಲ, ಕುರುಬರಹಳ್ಳಿಯ ಗದ್ದೆ ಮಾರಿದವರ ಮಗನಾಗಿರಲಿಲ್ಲ. ಬರೀ ಒಂದು ಕಿವಿಯಾಗಿದ್ದ. ಕೆಲವು ವರ್ಷಗಳ ಮೇಲೆ ಒಂದು ದಿನ ಆ ಪುಟ ತೆರೆಯಲಿಲ್ಲ. ಯಾರೂ ಹೇಳಿ ಹೋಗಿರಲಿಲ್ಲ.

"ಸ್ಕೂಟರ್ ಬೇಡ ಅಪ್ಪ, ಸೀರೆ ಉಟ್ಕೊಂಡಿದೀನಿ. ಬಸ್ಸಲ್ಲೇ ಹೋಗೋಣ," ಅಂದಳು ಅನು. ಅಮ್ಮನ ನೇರಳೆ ಸೀರೆಯಲ್ಲಿ ಅವಳು ಇದ್ದಕ್ಕಿದ್ದಂತೆ ದೊಡ್ಡವಳಾಗಿ ಕಂಡಳು. ವಿಜಯನಗರದಲ್ಲಿ ಬಸ್ಸು ಬದಲಾಯಿಸಿ ಕೂತ ಮೇಲೆ ಅವಳು ಫೋನು ನೋಡುತ್ತಾ, "ಅದೇ ಆ ಮೋಹನ್ ಕುಮಾರ್ ಅನ್ನೋರು, ನಿನ್ನೆ ಮತ್ತೆ ಬರ್ದಿದಾರೆ" ಅಂದಳು. ಅವನು ಕಿಟಕಿಯ ಆಚೆ ನೋಡಿದ. "ಬರೀಲಿ ಬಿಡು. ಕೆಲ್ಸ ಇಲ್ದಿರೋರು." "ಬಯ್ಯೋರು ಬೇಕಾದಷ್ಟು ಜನ ಇದಾರೆ ಅಪ್ಪ, ಅದಲ್ಲ. ಇವ್ರು ನೀಟಾಗಿ ಬರೀತಾರೆ. ಒಂದ್ ತಪ್ಪಿಲ್ಲ. ಅದಕ್ಕೇ ಚುಚ್ಚತ್ತೆ." ಹೊಗಳಿಕೆ ಕೇಳಿದವನಂತೆ ಅವನ ಕಿವಿ ಬಿಸಿಯಾಯಿತು. ನಿಜ, ಅವನಿಗೇ ಆಶ್ಚರ್ಯವಾಗಿತ್ತು. ಇಷ್ಟಪಟ್ಟದ್ದನ್ನು ಹೇಳಲು ಅವನಿಗೆ ಯಾವತ್ತೂ ಕನ್ನಡ ಸಿಕ್ಕಿರಲಿಲ್ಲ, ಪರದೇಶದ ಹರುಕು ಮಾತೇ ಆಗಬೇಕಿತ್ತು. ದ್ವೇಷಕ್ಕೆ ಮಾತ್ರ ಕನ್ನಡ ನೀರಿನ ಹಾಗೆ ಬಂತು. 'ಅಪ್ಪನ ಹುಚ್ಚನ್ನು ಸಂತೆಯಲ್ಲಿಟ್ಟ ಮಗಳು' ಎಂದು ಮೊದಲ ಸಲ ಬರೆದಾಗ, ಈ ಸಾಲು ಇಷ್ಟು ದಿನ ತನ್ನೊಳಗೆ ಎಲ್ಲಿತ್ತು ಎಂದು ಬೆರಗಾಗಿದ್ದ.

ಅವಳು ಮಾಡಿದ್ದಾದರೂ ಏನು? ಒಂದು ಸಂಜೆ ಶೀಟಿನ ಕೋಣೆಗೆ ಬಂದು, ಅವನ ಪಕ್ಕ ಚಾಪೆಯ ಮೇಲೆ ಕೂತು, "ಅಪ್ಪ, ಇದರ ಸೌಂಡ್ ಯಾಕೆ ಬೇರೆ ಥರ ಇದೆ?" ಎಂದು ಕೇಳಿದ್ದಳು. ಅವನು ಮಾತಾಡಿದ್ದ. ಹುಟ್ಟಿದಾಗಿನಿಂದ ಆಡದಷ್ಟು ಮಾತಾಡಿದ್ದ. ಬನಿಯನ್ನಿನಲ್ಲಿದ್ದುದು ನೆನಪಿರಲಿಲ್ಲ, ಅವಳ ಮೊಣಕಾಲಿಗೆ ಒರಗಿಸಿಟ್ಟ ಫೋನು ಕಂಡರೂ ಕಂಡಿರಲಿಲ್ಲ. ಬಾಯಲ್ಲಿ ಫ್ಯಾನಿನ ಸದ್ದು ಮಾಡಿ ತೋರಿಸಿದ್ದ, ಕಣ್ಣು ಮುಚ್ಚಿಕೊಂಡು. ಕೊನೆಗೆ ಅವಳು "ಹಾಕ್ಲಾ ಅಪ್ಪ?" ಅಂದಳು, ಇವನು ಇನ್ನೊಂದು ಫ್ಯಾನು ಹಾಕಲಿಕ್ಕೆ ಕೇಳುತ್ತಿದ್ದಾಳೆಂದುಕೊಂಡು, ಖುಷಿಯಿಂದ, "ಹಾಕು ಹಾಕು" ಅಂದ. ಎರಡು ದಿನ ಬಿಟ್ಟು ಹಾಲಿನ ಬೂತಿನ ಹತ್ತಿರ ಒಬ್ಬ ಅವನನ್ನು 'ಫ್ಯಾನ್ ಅಂಕಲ್' ಎಂದು ಕರೆದ. ಅವಳು ತನಗಾಗಿ ಕೇಳಿದ್ದಲ್ಲ, ಊರಿಗಾಗಿ ಕೇಳಿದ್ದು. ಅಪಾರ್ಥವಾಯಿತು ಎಂದು ಹೇಳಬಹುದಿತ್ತು. ಹೇಳಿದರೆ ಆ ಸಂಜೆ ತಾನೆಷ್ಟು ಖುಷಿಪಟ್ಟಿದ್ದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಅದರ ಬದಲು ಮೋಹನ್ ಕುಮಾರನನ್ನು ಹುಟ್ಟಿಸಿದ. ಚಿತ್ರದ ಜಾಗಕ್ಕೆ ಒಂದು ಗುಲಾಬಿ ಹೂ ಇಟ್ಟ.

ಜ್ಞಾನಭಾರತಿ ದಾಟುವಾಗ ಕಾಲೇಜಿನ ಹುಡುಗನೊಬ್ಬ ಬಗ್ಗಿ ನೋಡಿದ. "ಸಾರ್, ಫ್ಯಾನ್ ಅಂಕಲ್ ಅಲ್ವಾ ನೀವು? ನಮ್ ರೂಮಲ್ಲಿ ಎಲ್ಲಾ ನಿಮ್ ಫ್ಯಾನ್ಸೇ. ಒಂದ್ ಸೆಲ್ಫಿ ಸಾರ್." ಸುತ್ತ ನಿಂತವರು ನಕ್ಕರು. ಹುಡುಗನ ಕೈ ಹೆಗಲ ಮೇಲೆ ಬಿತ್ತು, ಫೋನು ಮೇಲೆದ್ದಿತು, ಕಾಂತರಾಜುವಿನ ತುಟಿಗಳು ಯಾರನ್ನೂ ಕೇಳದೆ ತಾವೇ ಅಗಲವಾದವು. ಆ ನಗುವನ್ನು ಅವನು ಪರದೆಯಲ್ಲಿ ಕಂಡ. ಪೊಲೀಸು ಠಾಣೆಯಲ್ಲಿ ಕೂತ ಕಳ್ಳ ಇನ್ಸ್‌ಪೆಕ್ಟರಿಗೆ ನಗುವ ನಗು. ಅನು ಹೆಮ್ಮೆಯಿಂದ ಅವನ ತೋಳು ಅದುಮಿದಳು, ಅವನಿಗೆ ಆ ಕೈಯನ್ನು ತಿರುಚಬೇಕೆನ್ನಿಸಿತು. ಆಮೇಲೆ ಉಲ್ಲಾಳ ಬರುವ ತನಕ ಎರಡೂ ಕೈಯಲ್ಲಿ ಮುಂದಿನ ಸೀಟಿನ ಕಂಬಿಯನ್ನು ಹಿಡಿದೇ ಕೂತ.

ಮನೆ ನಾಲ್ಕು ಅಂತಸ್ತಿನದು. ಭಾವ ಬೈರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಅದು ಎದ್ದಿತ್ತು. ಮೇಲಿನದೆಲ್ಲ ಯೂನಿವರ್ಸಿಟಿ ಹುಡುಗರಿಗೆ ಬಾಡಿಗೆಗೆ. ಹೋಮದ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಬೈರಪ್ಪ, "ಬಾರಯ್ಯ ಸ್ಟಾರು" ಅಂದ. ಅಡಿಗೆಯವರ ಹತ್ತಿರ ನಿಂತಿದ್ದ ಹೆಂಡತಿ, ಇವನನ್ನು ಕಂಡು, ಎಷ್ಟೋ ವರ್ಷಗಳ ನಂತರ ನಾಲ್ಕು ಜನರ ಮುಂದೆ ಗಂಡನ ಬಗ್ಗೆ ನಾಚಿಕೆಯಿಲ್ಲದೆ ನಕ್ಕಳು. ಅದೂ ಅವನಿಗೆ ಹಿತವಾಗಲಿಲ್ಲ. ಇಷ್ಟು ವರ್ಷ ತಲೆತಗ್ಗಿಸುವಂಥದ್ದಾಗಿದ್ದ ವಸ್ತು ಯಾರೋ ಬೆರಳೊತ್ತಿದ ಮಾತ್ರಕ್ಕೆ ಮರ್ಯಾದೆಯದ್ದಾಗುವುದಾದರೆ, ಆ ಮರ್ಯಾದೆಗೂ ಈ ಹೊಗೆಗೂ ಏನು ವ್ಯತ್ಯಾಸ? ಪೂಜೆ ಮುಗಿದು ಊಟದ ಎಲೆ ಹಾಕುವ ಮೊದಲು ಅಕ್ಕನ ಮಗ ರೇವಂತ್ ಬಂದು ಕೈ ಹಿಡಿದೆಳೆದ.

"ಮಾವ, ನಿಮಗೊಂದು ಟೆಸ್ಟ್ ಇಟ್ಟಿದೀವಿ. ಕಣ್ಣಿಗೆ ಬಟ್ಟೆ. ರೂಮಿಗೊಂದು ಥರ ಫ್ಯಾನ್ ಹಾಕ್ಸಿದೀನಿ. ಗಾಳಿ ತಾಗಬಾರ್ದು, ಬಾಗಿಲಾಚೆ ನಿಂತು ಬರೀ ಸೌಂಡಲ್ಲೇ ಹೇಳ್ಬೇಕು."

"ಬೇಡ ಕಣೋ."

"ಒಂದೇ ನಿಮಿಷ ಅಪ್ಪ, ಚೆನ್ನಾಗಿರತ್ತೆ," ಅಂದಳು ಅನು. ಅಷ್ಟರಲ್ಲಿ ಬೈರಪ್ಪನ ಶಲ್ಯ ಕಣ್ಣಿನ ಮೇಲೆ ಬಂದು ಬಿಗಿಯಾಯಿತು. ಅದರಲ್ಲಿ ಕರ್ಪೂರದ ವಾಸನೆ. ಸುತ್ತ ನೆಂಟರು ನೆರೆದದ್ದು ಸೀರೆಯ ಸರಬರದಿಂದ, ತಡೆದ ನಗೆಯಿಂದ ಗೊತ್ತಾಗುತ್ತಿತ್ತು. ಮೊದಲ ಬಾಗಿಲ ಮುಂದೆ ನಿಲ್ಲಿಸಿದರು. ಸ್ವಿಚ್ಚು ಟಕ್ಕೆಂದಿತು. ಒಂದು ಭಾರವಾದ ಮೋಟರು ನಿದ್ದೆಯಿಂದೆದ್ದು ಗಂಟಲು ಸರಿಮಾಡಿಕೊಂಡು ಸುತ್ತಿಗೊಮ್ಮೆ ಕುಂಟತೊಡಗಿತು. "ಇದು ನಿಮ್ಮ ಹಳೇ ಮನೇದು, ನಡುಮನೇಲಿತ್ತಲ್ಲ ಭಾವ, ಅದು. ಒಂದು ರೆಕ್ಕೆ ಬಗ್ಗಿತ್ತು," ಅಂದ. ಚಪ್ಪಾಳೆ ಬಿತ್ತು. ಬೈರಪ್ಪ "ಎಲಾ ಇವನ" ಅಂದ. ಕಾಂತರಾಜುವಿನ ಬೆನ್ನು ನೆಟ್ಟಗಾಯಿತು. ಸೆಲ್ಫಿಗೆ ನಕ್ಕಿದ್ದಕ್ಕಿಂತ ಕೀಳಾದದ್ದು ಈ ನೆಟ್ಟಗಾದ ಬೆನ್ನು ಎಂದು ತಿಳಿದಿದ್ದರೂ ಎರಡನೆಯ ಬಾಗಿಲಿಗೆ ತಾನಾಗಿಯೇ ತಡವರಿಸಿಕೊಂಡು ಹೋದ. ಅವನಿಗೆ ಗೆಲ್ಲಬೇಕಾಗಿತ್ತು. ಸ್ವಿಚ್ಚು ಟಕ್ಕೆಂದಿತು. ಅವನು ಕಾದ. ಹೊರಗೆ ಅಡಿಗೆಯವರ ಸೌಟಿನ ಸದ್ದು, ರಸ್ತೆಯಲ್ಲಿ ನೀರಿನ ಟ್ಯಾಂಕರಿನ ಹಾರನ್ನು, ತನ್ನದೇ ಉಸಿರು. ಬಾಗಿಲಾಚೆಯಿಂದ ಏನೂ ಇಲ್ಲ. ಯಾರೋ ಕಿಸಕ್ಕೆಂದರು.

"ಹಾಕೇ ಇಲ್ಲ. ನನ್ನ ಯಾಮಾರಿಸ್ತಿದೀರ."

"ಸರಿಯಾಗಿ ಕೇಳಿ ಮಾವ."

"ಏನು ಕೇಳೋದು? ಹಾಕಿಲ್ಲ ಅಂದ್ನಲ್ಲ. ಖಾಲಿ ರೂಮು ಇದು."

ನಗು ಒಡೆಯಿತು. ಶಲ್ಯ ಕಿತ್ತು ನೋಡಿದ. ಬಾಗಿಲಾಚೆ ಬಿಳಿಯ ಹೊಸ ಫ್ಯಾನೊಂದು ರೆಕ್ಕೆ ಕಾಣದಷ್ಟು ವೇಗವಾಗಿ ತಿರುಗುತ್ತಿತ್ತು, ಗೋಡೆಯ ಕ್ಯಾಲೆಂಡರು ಹಾರಾಡುತ್ತಿತ್ತು. ರೇವಂತ್ ಸಮಾಧಾನ ಮಾಡುವವನಂತೆ, "ಇವು ಸೌಂಡೇ ಮಾಡಲ್ಲ ಬಿಡಿ ಮಾವ, ಹೊಸ ಥರದ್ದು" ಅಂದ. ಅದು ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಮುನಿಲಕ್ಷ್ಮಮ್ಮ, ಅವನಿಗಿಂತ ಹತ್ತು ವರ್ಷ ದೊಡ್ಡವಳು, ಮಂಡಿ ಹಿಡಿದುಕೊಂಡು ಗೋಡೆಗೊರಗಿ ನಿಂತಿದ್ದವಳು, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಅಂದಳು: "ಇಲ್ಲ ಕಣೋ ಕಾಂತ, ನಂಗೇ ಕೇಳಿಸ್ತದಲ್ಲ. ಸುಯ್ ಅಂತದೆ."

ನಗು ನಿಂತಿತು. ನಿಂತದ್ದು ಇನ್ನೂ ಕೆಟ್ಟದ್ದಾಗಿತ್ತು. ಎಲ್ಲರೂ ಒಟ್ಟಿಗೆ ಕಿವಿಗೊಟ್ಟರು, ಎಲ್ಲರ ಮುಖದಲ್ಲೂ ಆ ಸುಯ್ ಕೇಳಿಸಿದ್ದು ಅವನಿಗೆ ಕಾಣಿಸಿತು. ಅನು ಹಿಡಿದಿದ್ದ ಫೋನನ್ನು ಕೆಳಗಿಳಿಸಿದಳು. ಹತ್ತಿರ ಬಂದು ಮೆಲ್ಲಗೆ, "ಇದನ್ನ ಎಲ್ಲೂ ಹಾಕಲ್ಲ ಅಪ್ಪ" ಅಂದಳು. ಹಾಕುತ್ತೇನೆ ಅಂದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಮೆಟ್ಟಿಲು ಹತ್ತಿದ. ನಾಲ್ಕು ಅಂತಸ್ತು ಹತ್ತಿ, ತಾರಸಿಯ ಕಪ್ಪು ನೀರಿನ ಟ್ಯಾಂಕಿನ ಹಿಂದೆ, ಇನ್ನೂ ಸಿಮೆಂಟು ವಾಸನೆಯಿದ್ದ ನೆರಳಿನಲ್ಲಿ ಕುಕ್ಕರುಗಾಲಲ್ಲಿ ಕೂತು ಫೋನು ತೆಗೆದ. ಶೀಟಿನ ಕೋಣೆಯಲ್ಲಿ ಈಚೆಗೆ ಎಷ್ಟೋ ಸಲ ನಿಲ್ಲುವಾಗಿನ ಸದ್ದು ಬೇಗ ಮುಗಿದುಹೋದಂತೆ ಅನ್ನಿಸಿ, ಬೇರಿಂಗಿಗೆ ಎಣ್ಣೆ ಬಿಟ್ಟು, ಮತ್ತೆ ಕೇಳಿ, ಮತ್ತೆ ಎಣ್ಣೆ ಬಿಟ್ಟದ್ದು ನೆನಪಾಯಿತು. ಫ್ಯಾನಿನ ತಪ್ಪಲ್ಲ. ಬೆರಳುಗಳು ಬರೆದವು, ಒಂದು ಅಕ್ಷರವೂ ತಪ್ಪದೆ: 'ಕಿವಿ ಕೇಳದ ಅಪ್ಪನ ಕಣ್ಣಿಗೆ ಬಟ್ಟೆ ಕಟ್ಟಿ ಕುಣಿಸಿದವಳು ನಾಳೆ ಅವನ ಹೆಣದ ಮುಂದೆಯೂ ಫೋನು ಹಿಡಿದು ನಿಲ್ಲುತ್ತಾಳೆ.' ಒತ್ತಿದ. ಜ್ವರ ಇಳಿದಂತಾಯಿತು. ಮುಖ ತೊಳೆದು ಕೆಳಗಿಳಿದು ಎಲೆಯ ಮುಂದೆ ಕೂತ.

ಕೋಸಂಬರಿ ಬಂತು, ಹೋಳಿಗೆ ಬಂತು, ತುಪ್ಪ ಬಂತು. ಚೆನ್ನಾಗಿ ಹಸಿವಾಗಿತ್ತು. ಅನ್ನಕ್ಕೆ ಸಾರು ಕಲಸುತ್ತಿದ್ದಾಗ ಕೈ ಅಲ್ಲೇ ನಿಂತಿತು. ಇವತ್ತಿನ ವಿಡಿಯೋ ಎಲ್ಲೂ ಬಂದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದ್ದು ಈ ಮನೆಯವರನ್ನು ಬಿಟ್ಟರೆ ಲೋಕದಲ್ಲಿ ಇನ್ನೊಬ್ಬರಿಗೆ ಗೊತ್ತಿಲ್ಲ. ಎಡಗೈಯನ್ನು ಜೇಬಿಗೆ ಹಾಕಿ, ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳು ಒತ್ತಿದ. ಅದು ಬಲಗೈ ಬೆರಳಿಗಷ್ಟೇ ತೆರೆಯುವಂಥದ್ದು. ಬಲಗೈ ತುಂಬ ಸಾರು. ಪಕ್ಕದಲ್ಲಿದ್ದ ಬೈರಪ್ಪ, "ಉಣ್ಣೋವಾಗ್ಲಾದ್ರೂ ಬಿಡಯ್ಯ ಅದನ್ನ" ಅಂದ. ಎಡಗೈಯಲ್ಲೇ ನಂಬರು ಒತ್ತಿ, ತಪ್ಪಿ, ಮತ್ತೆ ಒತ್ತಿ, ಆ ಸಾಲು ಸಿಕ್ಕಿ, ಅಳಿಸುವ ಗುರುತನ್ನು ಹುಡುಕುವಷ್ಟರಲ್ಲಿ ಮುಂದೆ ನೇರಳೆ ಸೀರೆಯ ಅಂಚು ಕಾಣಿಸಿತು. ಅನುವಿನ ಕೈಯಲ್ಲಿ ಮಜ್ಜಿಗೆಯ ಜಗ್ಗು. ಬಗ್ಗಿ ಅವನ ಲೋಟಕ್ಕೆ ಬಡಿಸಿದಳು. "ಊಟ ಆದ್ಮೇಲೆ ಹೊರಡೋಣ ಅಪ್ಪ. ಅಮ್ಮ ಇನ್ನೆರಡು ದಿನ ಇಲ್ಲೇ ಇರ್ತಾಳಂತೆ." ಧ್ವನಿಯಲ್ಲಿ ಏನೂ ಇರಲಿಲ್ಲ. ಅವಳು ಅತ್ತ ಹೋದ ಮೇಲೆ ಅಳಿಸಿದ. ನೋಡಿಲ್ಲ, ಗಲಾಟೆಯಲ್ಲಿ ನೋಡಿರಲಾರಳು ಎಂದುಕೊಂಡು ಮಜ್ಜಿಗೆ ಕುಡಿದ.

ಬಸ್‌ಸ್ಟಾಪಿನಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಒಬ್ಬ ಎಳನೀರಿನವನನ್ನು ಬಿಟ್ಟರೆ ಯಾರೂ ಇರಲಿಲ್ಲ. ಅನು ಫೋನನ್ನು ಅವನ ಮುಖದ ಮುಂದೆ ಹಿಡಿದಳು. ಅಳಿಸಿದ ಸಾಲಿನ ಚಿತ್ರ ತೆಗೆದಿಟ್ಟುಕೊಂಡಿದ್ದಳು.

"ನೋಡು. ಇವತ್ತು ಆಗಿದ್ದನ್ನ ಬರ್ದಿದಾನೆ. ಅಂದ್ರೆ ಅವನು ಮನೇಲೇ ಇದ್ದ."

ಅವನು ಓದುವವನಂತೆ ನಟಿಸಿದ. ತನ್ನ ಸಾಲು ಬೇರೆಯವರ ಕೈಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

"ರೇವಂತ್ ಇರ್ಬೋದಾ ಅಪ್ಪ?"

ಇಲ್ಲ ಎನ್ನಲು ಬಾಯಿ ತೆರೆದ. "ಇರ್ಬೋದು," ಅಂದ. ಸಾಲದೆಂಬಂತೆ, "ಆ ಹುಡುಗನ ಮನಸ್ಸಲ್ಲಿ ಏನಿದೆಯೋ ಯಾರಿಗ್ಗೊತ್ತು. ಮೊದ್ಲಿಂದ್ಲೂ ನಿನ್ನ ಕಂಡ್ರೆ ಹೊಟ್ಟೆಕಿಚ್ಚು ಅವನಿಗೆ" ಎಂದೂ ಸೇರಿಸಿದ.

ಅನು ಫೋನನ್ನು ಬ್ಯಾಗಿನೊಳಗಿಟ್ಟು ಜಿಪ್ಪು ಎಳೆದಳು. ರಸ್ತೆಯ ಕಡೆ ನೋಡುತ್ತಾ ನಿಂತಳು. "ನಾನು ಟ್ಯಾಂಕ್ ಹತ್ರ ಬಂದಿದ್ದೆ," ಅಂದಳು. "ಸಾರಿ ಕೇಳೋಣ ಅಂತ, ನಿಮ್ಮ ಹಿಂದೇನೇ ಮೆಟ್ಲು ಹತ್ಕೊಂಡು ಬಂದೆ. ನೀವು ಬೆನ್ನು ತಿರುಗಿಸ್ಕೊಂಡು ಕೂತಿದ್ರಿ. ಕರೆದೆ, ಕೇಳಿಸ್ಲಿಲ್ಲ. ನೀವು ಒತ್ತಿದ್ರಿ, ನನ್ನ ಕೈಯಲ್ಲಿ ಫೋನ್ ಅಲ್ಲಾಡ್ತು."

ಅವಳು ಅವನನ್ನು ನೀವು ಅಂದದ್ದು ಅವನಿಗೆ ಬೇರೆಲ್ಲಕ್ಕಿಂತ ಮೊದಲು ತಾಗಿತು. ಹುಟ್ಟಿದಾಗಿನಿಂದ ನೀನು ಅಂದವಳು. ಮೋಹನ್ ಕುಮಾರ್ ಎಂಬುವರಿಗೆ ಕೊಡುತ್ತಿದ್ದ ಮರ್ಯಾದೆ ಅದು.

"ಹಾಗಿದ್ರೂ ರೇವಂತನ ಹೆಸರು ಹೇಳಿ ಯಾಕೆ ಕೇಳ್ದೆ?"

"ಏನಂತೀರೋ ನೋಡೋಣ ಅಂತ."

ಎಳನೀರಿನವನು ಮಚ್ಚಿನಿಂದ ಒಂದು ಬುರುಡೆ ಹೊಡೆದ. ಕಾಂತರಾಜು ಅದನ್ನೇ ನೋಡುತ್ತಾ, "ನಂಗೆ ಕೇಳಿಸ್ಲಿಲ್ಲ ಅನು. ಆ ಫ್ಯಾನು. ಏನೂ ಕೇಳಿಸ್ಲಿಲ್ಲ" ಅಂದ. ಮೊದಲ ಸಲ ಅದು ಬಾಯಿಂದ ಹೊರಗೆ ಬಂದಿತ್ತು, ಅದೂ ಕನ್ನಡದಲ್ಲಿ. ಅಷ್ಟು ಹೇಳಿದರೆ ಅವಳು ಕರಗುತ್ತಾಳೆಂಬ ಆಸೆಯೂ ಅದರೊಳಗಿತ್ತು, ಅದು ಅವನಿಗೂ ಗೊತ್ತಾಯಿತು, ಅವಳಿಗೂ ಗೊತ್ತಾಯಿತು.

"ಗೊತ್ತು. ಟಿವಿ ಅಷ್ಟು ಜೋರಾಗಿಡ್ತೀರ, ಒಂದು ವರ್ಷದಿಂದ. ನಾನು ಯಾರಿಗೂ ಹೇಳಿಲ್ಲ. ಇಷ್ಟಾಗಿದೆ ಅಂತ ಗೊತ್ತಿರ್ಲಿಲ್ಲ, ಅದಕ್ಕೇ ಟೆಸ್ಟು ಬೇಡ ಅನ್ಲಿಲ್ಲ. ಕೇಳಿಸೋವಾಗ್ಲೇ ಒಂದ್ಸಲ ಎಲ್ಲಾ ಹೇಳಿಸ್ಬೇಕು ಅಂತಾನೇ ಅವತ್ತು ಆ ರೂಮಿಗೆ ಬಂದೆ." ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. "ಆಮೇಲೆ ಅಷ್ಟು ಜನ ನೋಡಿದಾಗ ಖುಷಿ ಆಯ್ತು. ಇಲ್ಲ ಅನ್ನಲ್ಲ. ಅದಕ್ಕೆ ಬೈಬೋದಿತ್ತು. ಎದುರಿಗೆ."

"ತಪ್ಪಾಯ್ತು."

"ಆ ಹೆಣದ ಮಾತು ಬರೆಯೋವಾಗ ಕೈ ನಡುಗ್ಲಿಲ್ವಾ?"

ನಡುಗಿರಲಿಲ್ಲ. ಟಿಕೆಟಿಗೆಂದು ಜೇಬಿನಲ್ಲಿ ಚಿಲ್ಲರೆ ಹುಡುಕತೊಡಗಿದ. ಬಸ್ಸು ಬಂತು. "ಹತ್ತಿ," ಅಂದಳು, ವಯಸ್ಸಾದ ಯಾರಿಗಾದರೂ ಹೇಳುವ ಹಾಗೆ, ಒಂದು ಪಕ್ಕ ಸರಿದು.

ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ಅವನಿಗೆ ಹಿಂದೆ, ಚಕ್ರದ ಮೇಲಿನ ಎತ್ತರದ ಸೀಟು ಸಿಕ್ಕಿತು. ಜನರ ನಡುವೆ ಅವಳ ಜಡೆಯ ಮಲ್ಲಿಗೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಮರೆಯಾಗುತ್ತಿತ್ತು. ಅವಳ ತಲೆ ತಗ್ಗಿತು, ಹೆಗಲು ಸ್ವಲ್ಪ ಅಲುಗಿತು. ಅಳುತ್ತಿದ್ದಾಳೋ ಫೋನು ಒತ್ತುತ್ತಿದ್ದಾಳೋ ಇಲ್ಲಿಂದ ತಿಳಿಯಲಿಲ್ಲ. ನಾಗರಭಾವಿ ಬರುವಷ್ಟರಲ್ಲಿ ತಡೆಯಲಾಗದೆ ತನ್ನ ಫೋನು ತೆಗೆದು ಅವಳ ಪುಟ ಒತ್ತಿದ. ಬಿಳಿ ಪರದೆ ಬಂತು. ಈ ಪುಟ ನಿಮಗೆ ಲಭ್ಯವಿಲ್ಲ. ಅವಳು ಮೋಹನ್ ಕುಮಾರನನ್ನು ಬ್ಲಾಕ್ ಮಾಡಿದ್ದಳು. ಸ್ವಂತ ಹೆಸರಿನ ಖಾತೆ ಅವನಿಗೆ ಇರಲೇ ಇಲ್ಲ. ಮಗಳು ಬರೆದದ್ದನ್ನು, ನಕ್ಕದ್ದನ್ನು, ಗೆಳತಿಯರ ಜೊತೆ ಎಲ್ಲೆಲ್ಲೋ ನಿಂತದ್ದನ್ನು, ಶೀಟಿನ ಕೋಣೆಯಲ್ಲಿ ಕಣ್ಣು ಮುಚ್ಚಿ ಫ್ಯಾನಿನ ಸದ್ದು ಮಾಡುತ್ತಿದ್ದ ತನ್ನನ್ನೂ ಅವನು ನೋಡಿದ್ದು ಮೋಹನ್ ಕುಮಾರನ ಕಣ್ಣಿನಿಂದಲೇ. ಮತ್ತೆ ಒತ್ತಿದ. ಒಂದು ಪುಟ ಹೋದ ಮೇಲೆ ಅದು ತೆರೆಯಬಹುದೆಂದು ಒತ್ತುತ್ತಲೇ ಇರುವುದು ಹೇಗೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೇರೆ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆಯಬಹುದೆಂಬ ಯೋಚನೆಯೂ ಬಂತು, ಹೆಸರೂ ಹೊಳೆಯಿತು. ಅದು ಹೊಳೆದದ್ದಕ್ಕೆ ಅವನಿಗೆ ತನ್ನ ಮೇಲೆ ಭಯವಾಯಿತು.

ತಲೆಯೆತ್ತಿದಾಗ ಬಸ್ಸು ವಿಜಯನಗರದಿಂದ ಹೊರಡುತ್ತಿತ್ತು. ಇಳಿದು ಕುರುಬರಹಳ್ಳಿಯ ಬಸ್ಸು ಹಿಡಿಯಬೇಕಿದ್ದ ಜಾಗ. ಮುಂದಿನ ಸೀಟಿನಲ್ಲಿ ಬೇರೆ ಯಾರೋ ಹೆಂಗಸು ಕೂತಿದ್ದಳು. ಕಿಟಕಿಯಾಚೆ, ನೇರಳೆ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲೆತ್ತಿ ಹಿಡಿದು ಅನು ನಿಂತಿದ್ದಳು. ಅವನು ಗಾಜು ಬಡಿದ. "ಹೋಲ್ಡಾನ್, ಹೋಲ್ಡಾನ್," ಎಂದು ಕೂಗಿದ. ಕಂಡಕ್ಟರು ಏನೋ ಅಂದ, ಅದು ಕೇಳಿಸಲಿಲ್ಲ. ಅನು ಮುಖವೆತ್ತಿದಳು. ಬರುವ ಬಸ್ಸು ತನ್ನದೋ ಅಲ್ಲವೋ ಎಂದು ಬೋರ್ಡು ಓದುವವರು ನೋಡುವ ಹಾಗೆ ಅವನ ಕಿಟಕಿಯನ್ನು ನೋಡಿದಳು, ಅಲ್ಲವೆಂದು ಖಾತ್ರಿ ಮಾಡಿಕೊಂಡು, ಹಿಂದಿನಿಂದ ಬರುತ್ತಿದ್ದ ಬಸ್ಸಿನ ಕಡೆ ತಿರುಗಿದಳು.